ಚರ್ಮದ ಕೆಲಸ ಶುರು ಮಾಡಲು ಯಾವ ಸಲಕರಣೆ ಸಾಕು? 50 ಐಟಂ ಕಿಟ್ ತಗೊಳ್ಳಲಾ, ಬಿಡಿಬಿಡಿಯಾಗಿ ತಗೊಳ್ಳಲಾ?

ಹೊಸಗೈ:

ಎಲ್ಲರಿಗೂ ನಮಸ್ಕಾರ. ಕೈಯಲ್ಲೇ ಹೊಲಿದು ಚರ್ಮದ ಸಾಮಾನು ಮಾಡಬೇಕು ಅಂತ ಬಹಳ ದಿನದ ಆಸೆ. ವಿಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ. ಒಬ್ಬರು ಅರ್ಧಚಂದ್ರದ ಕತ್ತಿ ಇಲ್ಲದೆ ಕೆಲಸವೇ ಆಗುವುದಿಲ್ಲ ಅನ್ನುತ್ತಾರೆ. ಇನ್ನೊಬ್ಬರು ಪೇಪರ್ ಕಟರ್ ಸಾಕು ಅನ್ನುತ್ತಾರೆ. ಆನ್‌ಲೈನ್‌ನಲ್ಲಿ 50 ಸಾಮಾನಿರುವ ಒಂದು ಕಿಟ್ ನೋಡಿಟ್ಟಿದ್ದೇನೆ. ಉಳಿ, ಸೂಜಿ, ದಾರ, ಅಚ್ಚು ಒತ್ತುವ ಕಡ್ಡಿಗಳು, ತಿರುಗುವ ತಲೆಯ ಕತ್ತಿ, ಇನ್ನೂ ಏನೇನೋ ಇವೆ. ಅದರಲ್ಲಿ ಅರ್ಧದ ಹೆಸರೂ ನನಗೆ ಗೊತ್ತಿಲ್ಲ.

ಮೊದಲು ಮಾಡಬೇಕೆಂದಿರುವುದು ಕಾರ್ಡ್ ಇಡುವ ಚಿಕ್ಕ ಪರ್ಸ್. ಅದು ಸರಿಬಂದರೆ ಒಂದು ಬೆಲ್ಟ್. ಬ್ಯಾಗು ಗೀಗು ಎಲ್ಲ ಆಮೇಲೆ. ಹೂಬಳ್ಳಿ ಕೆತ್ತನೆಯ ಆಸೆ ಸದ್ಯಕ್ಕಿಲ್ಲ.

ಪ್ರಿಕಿಂಗ್ ಐರನ್, ಸ್ಟಿಚಿಂಗ್ ಚಿಸೆಲ್ ಎರಡೂ ನೋಡಲು ಫೋರ್ಕ್ ಹಾಗೇ ಇವೆ. ಎರಡೂ ಒಂದೇನಾ? ಮತ್ತೆ, ನಾನಿರುವುದು ಫ್ಲಾಟ್‌ನಲ್ಲಿ. ಸುತ್ತಿಗೆಯಲ್ಲಿ ಕುಟ್ಟಿದರೆ ಕೆಳಗಿನ ಮನೆಯವರು ಮೇಲೆ ಬರುತ್ತಾರೆ. ಅದಕ್ಕೇನಾದರೂ ದಾರಿ ಇದೆಯಾ?

ಸುಮ್ನೆಶುರು:

ಜಾಸ್ತಿ ಯೋಚನೆ ಮಾಡಬೇಡಿ. ಕಿಟ್ ತಗೊಳ್ಳಿ. ನಾನೂ ಕಿಟ್‌ನಿಂದಲೇ ಶುರು ಮಾಡಿದ್ದು. ಎಲ್ಲ ಒಟ್ಟಿಗೆ ಬಂದುಬಿಡುತ್ತೆ, ಬಂದ ದಿನವೇ ಕೂತು ಏನಾದರೂ ಮಾಡಬಹುದು. ಯಾವುದು ಬೇಕು ಯಾವುದು ಬೇಡ ಅಂತ ಬಳಸುತ್ತಾ ಗೊತ್ತಾಗುತ್ತೆ. ಬಿಡಿಬಿಡಿಯಾಗಿ ಆರಿಸಲು ಕೂತರೆ ಆರು ತಿಂಗಳು ಬರೀ ಹುಡುಕಾಟದಲ್ಲೇ ಕಳೆಯುತ್ತೀರಿ.

ಒಂದು ಮಾತು ಮಾತ್ರ ನಿಜ. ಕಿಟ್‌ನ ಉಳಿಗಳನ್ನು ಆಮೇಲೆ ಬದಲಾಯಿಸಿದೆ. ಸೂಜಿ, ಅಂಚು ಉಜ್ಜುವ ಮರದ ಕಡ್ಡಿ, ಡಿವೈಡರ್ ಇವೆಲ್ಲ ಈಗಲೂ ಬಳಸುತ್ತೇನೆ.

ಎರಡುಸೂಜಿ:

ಸುಮ್ನೆಶುರು ಅವರು ಕೊನೆಗೆ ಬರೆದ ಮಾತೇ ನನ್ನ ಉತ್ತರ. ಕಿಟ್‌ನಲ್ಲಿ ಬದಲಾಯಿಸಬೇಕಾಗಿ ಬಂದದ್ದು ಉಳಿ. ಇಡೀ ಪೆಟ್ಟಿಗೆಯಲ್ಲಿ ಚೆನ್ನಾಗಿರಲೇಬೇಕಾದ ಸಾಮಾನೂ ಅದೇ.

ನಾನು ಹಳೆ ಬ್ಯಾಗು, ಬೆಲ್ಟು ರಿಪೇರಿ ಮಾಡುವವಳು. ದಿನಾ ಬೇರೆಯವರು ಹೊಲಿದದ್ದನ್ನು ಬಿಚ್ಚುತ್ತೇನೆ. ಬಟ್ಟೆಯಲ್ಲಿ ಹೊಲಿಗೆ ಬಿಚ್ಚಿ ಸ್ವಲ್ಪ ಉಜ್ಜಿದರೆ ಸೂಜಿಯ ಗುರುತು ಮಾಯವಾಗುತ್ತದೆ. ಚರ್ಮದಲ್ಲಿ ಆಗುವುದಿಲ್ಲ. ತೂತು ಬಿತ್ತೆಂದರೆ ಬಿತ್ತು. ಕತ್ತರಿಸಿದ್ದು ಸ್ವಲ್ಪ ಓರೆಯಾದರೆ ಒಂದು ಎಳೆ ತೆಗೆದು ಸರಿಮಾಡಬಹುದು. ಹೊಲಿಗೆ ಕೆಟ್ಟರೆ ಬಿಚ್ಚಿ ಮತ್ತೆ ಹೊಲಿಯಬಹುದು. ಅಂಚು ಒರಟಾದರೆ ಮತ್ತೆ ಉಜ್ಜಬಹುದು. ವಕ್ರ ತೂತಿನ ಸಾಲಿಗೆ ಮಾತ್ರ ಮದ್ದಿಲ್ಲ. ಎಷ್ಟೇ ನಾಜೂಕಾಗಿ ಹೊಲಿದರೂ ದಾರ ಆ ವಕ್ರದಲ್ಲೇ ಹೋಗುತ್ತದೆ. ಹಾಗಾಗಿ ಇರುವ ದುಡ್ಡಲ್ಲಿ ದೊಡ್ಡ ಪಾಲು ತೂತು ಹಾಕುವ ಉಳಿಗೆ ಹೋಗಲಿ. ಉಳಿದದ್ದೆಲ್ಲ ಸಾಧಾರಣದ್ದೇ ಸಾಕು.

ಈಗ ನಿಮ್ಮ ಐರನ್, ಚಿಸೆಲ್ ಪ್ರಶ್ನೆ. ಪ್ರಿಕಿಂಗ್ ಐರನ್ ಮೂಲತಃ ಗುರುತು ಹಾಕಲು ಇರುವುದು. ಅದರ ಹಲ್ಲು ಗಿಡ್ಡ, ಚರ್ಮದ ಮೇಲ್ಮೈಯಲ್ಲಿ ಓರೆ ಗೆರೆ ಮೂಡಿಸಿ ನಿಲ್ಲುತ್ತದೆ. ಆ ಗುರುತಿನಲ್ಲಿ ಒಂದೊಂದೇ ತೂತನ್ನು ದಬ್ಬಣದಿಂದ ಚುಚ್ಚಬೇಕು. ಇಲ್ಲಿ ದಬ್ಬಣ ಅಂದರೆ ಮರದ ಹಿಡಿಯ ಆಲ್, ಗೋಣಿಚೀಲ ಹೊಲಿಯುವ ಸೂಜಿಯಲ್ಲ. ಚಿಸೆಲ್‌ಗೆ ಉದ್ದ ಹಲ್ಲು, ಆರಪಾರ ತೂತು ಹಾಕುತ್ತದೆ. ಹೊಸಬರಿಗೆ ಚಿಸೆಲ್ಲೇ ಸರಿ. ದಬ್ಬಣವನ್ನು ಎರಡೂ ಕಡೆ ನೇರ ಬರುವ ಹಾಗೆ ಚುಚ್ಚಲು ಕೈ ಪಳಗಬೇಕು, ಅದು ನಿಧಾನಕ್ಕೆ ಬರುತ್ತದೆ. ಎರಡು ಉಳಿ ತಗೊಳ್ಳಿ, ಹಲ್ಲಿನಿಂದ ಹಲ್ಲಿಗೆ ಒಂದೇ ಅಂತರ ಇರುವುದು. ಒಂದಕ್ಕೆ 2 ಹಲ್ಲು, ಇನ್ನೊಂದಕ್ಕೆ 5 ಅಥವಾ 6. ಉದ್ದದ್ದು ನೇರ ಸಾಲಿಗೆ, ಚಿಕ್ಕದು ಮೂಲೆ ಮತ್ತು ತಿರುವಿಗೆ. ಹಾಕುವಾಗ ಹಿಂದಿನ ಕೊನೆಯ ತೂತಿನಲ್ಲಿ ಮೊದಲ ಹಲ್ಲು ಕೂರಿಸಿ ಮುಂದುವರಿದರೆ ಅಂತರ ತಾನಾಗೇ ಕಾಯುತ್ತದೆ.

ಒಳ್ಳೆಯ ಉಳಿ ಯಾವುದು ಅಂತ ಹೇಗೆ ತಿಳಿಯುವುದು? ಹಲ್ಲುಗಳ ತುದಿಯನ್ನು ಸ್ಟೀಲ್ ಸ್ಕೇಲಿನ ಅಂಚಿಗೆ ತಾಗಿಸಿ ಬೆಳಕಿಗೆ ಹಿಡಿಯಿರಿ. ಎಲ್ಲ ತುದಿಯೂ ಒಟ್ಟಿಗೆ ತಾಗಬೇಕು. ಒಂದು ಹಲ್ಲು ಗಿಡ್ಡವಿದ್ದರೆ ಆ ಜಾಗದಲ್ಲಿ ಬೆಳಕು ಕಾಣುತ್ತದೆ. ಆಮೇಲೆ ಹಲ್ಲುಗಳ ನಡುವಿನ ಸಂದಿ ನೋಡಿ. ಅಲ್ಲಿ ಗರಗಸ ಹರಿದ ಗೀರುಗಳು ಹಾಗೇ ಉಳಿದಿದ್ದರೆ ಉಳಿ ಚರ್ಮದೊಳಗೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ನೀವು ಅಲ್ಲಾಡಿಸಿ ಕೀಳುತ್ತೀರಿ, ತೂತು ಅಗಲವಾಗುತ್ತದೆ. ಅಗ್ಗದ ಉಳಿ ಆಗಲೇ ಮನೆಯಲ್ಲಿದ್ದರೆ ಬಿಸಾಡಬೇಡಿ. 600 ನಂಬರಿನ ಸ್ಯಾಂಡ್‌ಪೇಪರನ್ನು ಸಣ್ಣ ಪಟ್ಟಿ ಮಾಡಿ ಮಡಚಿ, ಸಂದಿಯೊಳಗೆ ಹಿಂದೆ ಮುಂದೆ ಎಳೆಯಿರಿ. ಆಮೇಲೆ ಹಲ್ಲಿಗೆ ಸ್ವಲ್ಪ ಜೇನುಮೇಣ ಸವರಿ. ಬೇಜಾರಿನ ಕೆಲಸ, ಆದರೆ ಫರಕು ಮೊದಲ ಏಟಿಗೇ ಗೊತ್ತಾಗುತ್ತದೆ. ಕೀಳುವಾಗ ಇನ್ನೊಂದು ಕೈಯಲ್ಲಿ ಮರದ ತುಂಡಿನಿಂದ ಚರ್ಮವನ್ನು ಅದುಮಿ ಹಿಡಿದು, ಉಳಿಯನ್ನು ನೇರ ಮೇಲಕ್ಕೆ ಎಳೆಯಿರಿ.

ಹೊಡೆಯಲು ಕಬ್ಬಿಣದ ಸುತ್ತಿಗೆ ಬೇಡ. ಉಳಿಯ ತಲೆ ಅಣಬೆಯ ಹಾಗೆ ಅರಳಿಬಿಡುತ್ತದೆ. ಮರದ ಕೊಡತಿ, ನೈಲಾನ್ ಅಥವಾ ರಬ್ಬರ್ ತಲೆಯದ್ದು ಯಾವುದಾದರೂ ಸರಿ. ಕೆಳಗೆ ದಪ್ಪ ಪ್ಲಾಸ್ಟಿಕ್ ಬೋರ್ಡ್ ಇರಲಿ. ಕಲ್ಲಿನ ಮೇಲೆ ಇಟ್ಟು ಹೊಡೆದರೆ ಹಲ್ಲು ಮುರಿಯುತ್ತದೆ. ವಿಡಿಯೊಗಳಲ್ಲಿ ಕಾಣುವ ಗ್ರಾನೈಟ್ ಹಾಸು ಅಚ್ಚು ಒತ್ತುವವರಿಗೆ.

ಕತ್ತಿಯ ವಿಷಯ. ಅರ್ಧಚಂದ್ರದ ಕತ್ತಿ ಚೆಂದ, ನನ್ನ ಹತ್ತಿರವೂ ಇದೆ. ಆದರೆ ಅದನ್ನು ಸಾಣೆ ಹಿಡಿಯಲು ಬಾರದವರಿಗೆ ಅದು ಗೋಡೆಗೆ ನೇತುಹಾಕುವ ವಸ್ತು. ಮುರಿದು ಎಸೆಯುವ ಬ್ಲೇಡಿನ ಕಟರ್ ತಗೊಳ್ಳಿ. ಇದನ್ನು ಕೀಳಾಗಿ ನೋಡುವವರಿದ್ದಾರೆ, ಅವರಿಗೊಂದು ವಿಷಯ: ಜಪಾನಿನ ಯೋಶಿಯೋ ಒಕಾಡಾ 1956ರಲ್ಲಿ ಈ ಕಟರ್ ಮಾಡಿದಾಗ ಅವರಿಗೆ ಹೊಳಹು ಕೊಟ್ಟವರೇ ಚಪ್ಪಲಿ ಹೊಲಿಯುವವರಂತೆ. ಅವರು ಒಡೆದ ಗಾಜಿನ ಚೂರಿನಿಂದ ಅಟ್ಟೆ ಕೆರೆಯುತ್ತಿದ್ದರು, ಮೊಂಡಾದರೆ ಇನ್ನೊಂದು ಚೂರು ಮುರಿಯುತ್ತಿದ್ದರು. ಅಂದರೆ ಇದು ನಮ್ಮ ಕಸುಬಿನಿಂದಲೇ ಹೋದದ್ದು! ಪರ್ಸಿನ ತೆಳು ಚರ್ಮಕ್ಕೆ 9 ಮಿ.ಮೀ. ಅಗಲದ ಬ್ಲೇಡು ಸಾಕು. ಬೆಲ್ಟಿಗೆ 18 ಮಿ.ಮೀ. ಬೇಕು, ಚಿಕ್ಕದು ಬಾಗುತ್ತದೆ. ಒಂದೇ ಸಲಕ್ಕೆ ಜೋರಾಗಿ ಒತ್ತಬೇಡಿ. ಹಗುರವಾಗಿ ಎರಡು ಮೂರು ಸಲ ಎಳೆಯಿರಿ. ಸ್ಕೇಲನ್ನು ನಿಮಗೆ ಬೇಕಾದ ತುಂಡಿನ ಮೇಲೆ ಇಡಿ. ಆಗ ಕತ್ತಿ ಜಾರಿದರೂ ಹಾಳಾಗುವುದು ಬಿಸಾಡುವ ಕಡೆಯದು.

ಸೂಜಿ ಅಂದರೆ ಮೊಂಡು ತುದಿಯ ಹಾರ್ನೆಸ್ ಸೂಜಿ. ಚೂಪಿನದ್ದು ಬೇಡ, ಅದು ಆಗಲೇ ಇರುವ ದಾರವನ್ನೇ ಚುಚ್ಚುತ್ತದೆ. 4ನೇ ಸೈಜು ತಗೊಳ್ಳಿ. ಇವುಗಳಲ್ಲಿ ನಂಬರ್ ಜಾಸ್ತಿಯಾದಷ್ಟು ಸೂಜಿ ಸಣ್ಣ. ದಾರ ಮೇಣ ಹಚ್ಚಿದ ಪಾಲಿಯೆಸ್ಟರ್, 0.55 ಅಥವಾ 0.6 ಮಿ.ಮೀ. ಹೊಸಬರು ಎಲ್ಲರೂ 1 ಮಿ.ಮೀ. ದಾರ ಕೊಳ್ಳುತ್ತಾರೆ, ಕಿಟ್‌ಗಳಲ್ಲೂ ಅದೇ ಇರುತ್ತದೆ. ಚಿಕ್ಕ ಪರ್ಸಿನ ಮೇಲೆ ಅದು ಹಗ್ಗ ಕಟ್ಟಿದ ಹಾಗೆ ಕಾಣುತ್ತದೆ. ಹೊಲಿಯುವ ಉದ್ದದ ನಾಲ್ಕು ಪಟ್ಟು ದಾರ ಕತ್ತರಿಸಿ, ಎರಡೂ ತುದಿಗೆ ಒಂದೊಂದು ಸೂಜಿ. ಪ್ರತಿ ತೂತಿನಲ್ಲೂ ಎರಡೂ ಸೂಜಿ ಹಾಯಬೇಕು. ಒಂದು ಕಡೆ ದಾರ ಸವೆದು ತುಂಡಾದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ. ನನ್ನ ಹತ್ತಿರ ರಿಪೇರಿಗೆ ಬರುವ ಮಿಷಿನ್ ಹೊಲಿಗೆಯಲ್ಲಿ ಹಾಗಲ್ಲ, ಒಂದು ಕಡೆ ಕಿತ್ತರೆ ಪಕ್ಕದವೂ ಸಡಿಲವಾಗುತ್ತಾ ಹೋಗುತ್ತವೆ. ಸೂಜಿ ಎಳೆಯಲು ಇಕ್ಕಳ ಬೇಕಾಗುತ್ತಿದ್ದರೆ ತೂತಿಗೆ ಸೂಜಿ ದಪ್ಪವಾಗಿದೆ ಅಂತ ಅರ್ಥ. ಇಕ್ಕಳ ಕೊಳ್ಳಬೇಡಿ, ಸೂಜಿ ಬದಲಾಯಿಸಿ.

ಇನ್ನು ಕಿಟ್‌ನಲ್ಲಿರುವ ತಿರುಗುವ ತಲೆಯ ಕತ್ತಿ, ಅಚ್ಚಿನ ಕಡ್ಡಿಗಳೆಲ್ಲ ಒದ್ದೆ ಮಾಡಿದ ವೆಜ್ ಟ್ಯಾನ್ ಚರ್ಮದ ಮೇಲೆ ಕೆತ್ತಲು ಇರುವವು. ಕೆತ್ತುವುದಿಲ್ಲ ಅಂತ ನೀವೇ ಹೇಳಿದ್ದೀರಿ. ಅಲ್ಲಿಗೆ ಪೆಟ್ಟಿಗೆಯ ದೊಡ್ಡ ಭಾಗ ಖಾಲಿಯಾಯಿತು ಅಲ್ವಾ?

ಹೊಸಗೈ:

ಅಕ್ಕ, ತುಂಬಾ ಥ್ಯಾಂಕ್ಸ್. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಉಳಿಯ ಅಂತರ ಎಷ್ಟಿರಬೇಕು? 3, 3.38, 3.85, 4, 5 ಅಂತ ಇವೆ. ಈ 3.38 ಎಲ್ಲಿಂದ ಬಂತು? ಬೆಲ್ಟಿಗೂ ಪರ್ಸಿಗೂ ಒಂದೇ ನಡೆಯುತ್ತಾ? ಸದ್ದಿನ ವಿಷಯ ಬಿಟ್ಟುಹೋಯಿತು.

ಎರಡುಸೂಜಿ:

ಹಳೆಯ ಫ್ರೆಂಚ್ ಇಂಚು ಸುಮಾರು 27 ಮಿ.ಮೀ. ಇತ್ತು. ಅದರಲ್ಲಿ 8 ಹೊಲಿಗೆ ಬರಬೇಕಾದರೆ ಒಂದೊಂದಕ್ಕೂ 3.38. 7 ಬರಬೇಕಾದರೆ 3.85. ಅಲ್ಲಿನ ಕುದುರೆ ಜೀನು ಮಾಡುವವರ ಅಳತೆ ಹಾಗೇ ಉಳಿದುಕೊಂಡಿದೆ. ಉಳಿಯ ಮೇಲೆ ಬರೀ 7, 8, 9 ಅಂತ ಕೆತ್ತಿದ್ದರೆ ಮಿಲಿಮೀಟರ್ ಅಂತ ಓದಿಬಿಡಬೇಡಿ.

ಪರ್ಸು ಬೆಲ್ಟು ಎರಡಕ್ಕೂ ಒಂದೇ ಜೊತೆ ಉಳಿ ಬೇಕೆಂದರೆ 3.85 ಅಥವಾ 4 ತಗೊಳ್ಳಿ. ಪರ್ಸಿನ ಮೇಲೆ 3 ಇನ್ನೂ ನಾಜೂಕು ನಿಜ. ಆದರೆ ಅಂತರ ಕಮ್ಮಿಯಾದಷ್ಟು ತೂತು ಜಾಸ್ತಿ, ಕೈ ಅಲುಗಿದ್ದು ಜಾಸ್ತಿ ಕಾಣುತ್ತದೆ. ಬೆಲ್ಟಿಗೆ ದಾರ ಮಾತ್ರ 0.8ಕ್ಕೆ ಏರಿಸಿ, ಸೂಜಿಯೂ ಒಂದು ಸೈಜು ದಪ್ಪ. ಆದರೆ ಬೆಲ್ಟಿನ ಚರ್ಮ 3.5ರಿಂದ 4 ಮಿ.ಮೀ. ಇರುತ್ತದೆ, ಬಕಲ್ ಹತ್ತಿರ ಮಡಚಿದಾಗ ಅದರ ಎರಡರಷ್ಟು. ಅಲ್ಲಿ ಮಡಚುವ ಭಾಗವನ್ನು ಒಳಗಿನಿಂದ ತೆಳು ಮಾಡಬೇಕು, ಇಲ್ಲದಿದ್ದರೆ ಉಳಿ ಆರಪಾರ ಹೋಗುವುದೇ ಇಲ್ಲ.

ಅಂಚಿನಿಂದ ಹೊಲಿಗೆಯ ಗೆರೆ ಪರ್ಸಿಗೆ 3 ಮಿ.ಮೀ. ಇರಲಿ. ಗೆರೆ ಎಳೆಯಲು ಶಾಲೆಯ ಜಾಮಿಟ್ರಿ ಬಾಕ್ಸಿನ ಡಿವೈಡರೇ ಸಾಕು. ಒಂದು ಕಾಲು ಅಂಚಿನ ಹೊರಗೆ ತಾಗಿಸಿ, ಇನ್ನೊಂದರಿಂದ ಹಗುರವಾಗಿ ಗೀಚುತ್ತಾ ಹೋಗಿ. ಗ್ರೂವರ್ ಅಂತ ಒಂದು ಬರುತ್ತದೆ, ಚರ್ಮದ ಮೇಲಿಂದ ಎಳೆಯಾಗಿ ತೋಡಿ ಕಾಲುವೆ ಮಾಡುವುದು. 1 ಮಿ.ಮೀ. ಚರ್ಮಕ್ಕೆ ಅದನ್ನು ಹಚ್ಚಬೇಡಿ. ಗಟ್ಟಿಯಾಗಿರುವುದು ಮೇಲಿನ ಪದರವೇ, ಅದನ್ನೇ ಕೆತ್ತಿ ತೆಗೆದು ಅಲ್ಲೇ ತೂತು ಹಾಕಿದರೆ ಉಳಿಯುವುದೇನು?

ಸದ್ದಿಗೆ: ಮೇಜಿನ ನಡುವೆ ಹೊಡೆಯಬೇಡಿ, ಕಾಲಿನ ನೇರಕ್ಕೆ ಬರುವ ಮೂಲೆಯಲ್ಲಿ ಹೊಡೆಯಿರಿ. ನಡುವೆ ಹೊಡೆದರೆ ಹಲಗೆ ಗುಂಯ್ಗುಡುತ್ತದೆ. ಮೇಜಿನ ಕಾಲಿನ ಕೆಳಗೆ ರಬ್ಬರ್ ತುಂಡು ಇಡಿ, ಕೆಳಗಿನ ಮನೆಗೆ ಹೋಗುವುದು ಕಾಲಿನ ಮೂಲಕವೇ. ಬೋರ್ಡಿನ ಅಡಿ ದಪ್ಪ ರಬ್ಬರ್ ಮ್ಯಾಟ್. ಸ್ವಲ್ಪ ಭಾರದ ಕೊಡತಿ ಇದ್ದರೆ ಎರಡೇ ಏಟಿಗೆ ಕೆಲಸ ಮುಗಿಯುತ್ತದೆ. ಹಗುರದ್ದು ತಗೊಂಡರೆ ಟಕಟಕ ಅಂತ ಹತ್ತು ಸಲ ಕುಟ್ಟುತ್ತಾ ಇರಬೇಕು. ರಾತ್ರಿ ಕೆಲಸ ಮಾಡಲೇಬೇಕಾದರೆ ತೂತೆಲ್ಲ ಹಗಲಲ್ಲೇ ಹಾಕಿಟ್ಟುಕೊಳ್ಳಿ. ಹೊಲಿಗೆಗೆ ಸದ್ದೆಲ್ಲಿದೆ?

ಎಡಗೈಅಂಚು:

ಎರಡುಸೂಜಿ ಅಕ್ಕನ ಮಾತಿಗೆ ಹೂಂ ಅನ್ನುತ್ತಲೇ ಎರಡು ತಕರಾರು.

ಒಂದು, ಅಂಚನ್ನು ಒಂದೇ ಮಾತಲ್ಲಿ ದಾಟಿಸಿಬಿಟ್ಟರು. ಪರ್ಸು ಕೈಗೆ ತಗೊಂಡವರ ಬೆರಳು ಮೊದಲು ತಾಗುವುದು ಅಂಚಿಗೆ. ಇದಕ್ಕೆ ಸಲಕರಣೆ ಜಾಸ್ತಿ ಬೇಡ, ಆದರೆ ಚರ್ಮ ಸರಿ ಇರಬೇಕು. ಉಜ್ಜಿ ಹೊಳೆಸುವ ಅಂಚು ಬೇಕಿದ್ದರೆ ವೆಜ್ ಟ್ಯಾನ್ ತಗೊಳ್ಳಿ, ಅಂದರೆ ಮರದ ತೊಗಟೆ, ಎಲೆಗಳ ಸತ್ವದಲ್ಲಿ ಹದ ಮಾಡಿದ್ದು. ಕ್ರೋಮ್ ಟ್ಯಾನ್, ಅಂದರೆ ಕ್ರೋಮಿಯಂ ಲವಣದಲ್ಲಿ ಹದ ಮಾಡಿದ್ದು, ಮೆತ್ತಗೆ ಇರುತ್ತದೆ, ಎಷ್ಟು ಉಜ್ಜಿದರೂ ನಾರು ನಾರಾಗೇ ಉಳಿಯುತ್ತದೆ. ಅದಕ್ಕೆ ಅಂಚಿನ ಬಣ್ಣ ಹಚ್ಚಬೇಕು ಅಥವಾ ಒಳಕ್ಕೆ ಮಡಚಿ ಹೊಲಿಯಬೇಕು. ಹೊಸಬರು ಇದು ಗೊತ್ತಿಲ್ಲದೆ ಮೆತ್ತನೆ ಚರ್ಮ ತಂದು, ತಪ್ಪು ಉಜ್ಜುವ ಕಡ್ಡಿಯದ್ದು ಅಂತ ಇನ್ನೊಂದು ಕಡ್ಡಿ ಕೊಳ್ಳುತ್ತಾರೆ.

ಕ್ರಮ ಇಷ್ಟೇ. ಪದರಗಳನ್ನು ಅಂಟಿಸಿ ಹೊಲಿದ ಮೇಲೆ 400 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಅಂಚು ಸಮ ಮಾಡಿ, ಆಮೇಲೆ 800. ಬೆರಳಲ್ಲಿ ನೀರು ಸವರಿ ಒರಟು ಕ್ಯಾನ್ವಾಸ್ ಬಟ್ಟೆಯಿಂದ ಬಿಸಿ ಹತ್ತುವ ತನಕ ಜೋರಾಗಿ ಉಜ್ಜಿ. ಮೊದಲು ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಇದ್ದಕ್ಕಿದ್ದಂತೆ ಬಟ್ಟೆ ಜಾರಲು ಶುರುವಾಗುತ್ತದೆ, ಪದರಗಳ ನಡುವಿನ ಗೆರೆ ಕಾಣದಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಅಂಚಿಗೆ ಹಚ್ಚಿ ಉಜ್ಜುವ ಟೊಕೊನೋಲೆ ಅನ್ನುವ ಪೇಸ್ಟ್ ಅಥವಾ ಟ್ರಾಗಕಾಂತ್ ಗೋಂದು ಇದ್ದರೆ ಬೇಗ ಆಗುತ್ತದೆ. ಆದರೆ ಅದು ಮೇಲ್ಮೈಗೆ ಹರಿದರೆ ಆ ಜಾಗ ಆಮೇಲೆ ಬಣ್ಣ ಹೀರುವುದಿಲ್ಲ, ಜೋಪಾನ. ಅಂಚಿನ ಚೂಪು ಮೂಲೆ ಕತ್ತರಿಸುವ ಬೆವಲರ್ ಬೆಲ್ಟಿಗೆ ಬೇಕೇ ಬೇಕು. ಪರ್ಸಿಗೆ ಸ್ಯಾಂಡ್‌ಪೇಪರಿನಲ್ಲೇ ಸವೆಸಬಹುದು.

ಎರಡನೆಯ ತಕರಾರು. ಕಟರಿನ ಬ್ಲೇಡಿದ್ದರೆ ಸಾಣೆ ಬೇಡ ಅನ್ನುವ ಅರ್ಥ ಬರುವ ಹಾಗೆ ಬರೆದಿದ್ದಾರೆ. ದಬ್ಬಣ, ಬೆವಲರ್, ತೆಳು ಮಾಡುವ ಕತ್ತಿ ಇವನ್ನೆಲ್ಲ ಮುರಿದು ಎಸೆಯಲು ಆಗುವುದಿಲ್ಲ. ಒಂದು ನೇರ ಹಲಗೆಗೆ ಚರ್ಮದ ತುಂಡು ಅಂಟಿಸಿ, ಮೇಲೆ ಹಸಿರು ಪಾಲಿಶಿಂಗ್ ಪೇಸ್ಟ್ ತಿಕ್ಕಿ ಇಟ್ಟುಕೊಳ್ಳಿ. ಅದೇ ಸ್ಟ್ರಾಪ್. ಅದರ ಮೇಲೆ ಕತ್ತಿಯನ್ನು ಬೆನ್ನು ಮುಂದೆ ಮಾಡಿ ಎಳೆಯಬೇಕು, ಬಾಯಿ ಮುಂದೆ ಮಾಡಿದರೆ ಸ್ಟ್ರಾಪೇ ಕತ್ತರಿಸಿಹೋಗುತ್ತದೆ. ಕೆಲಸಕ್ಕೆ ಕೂರುವ ಮುಂಚೆ ನಾಲ್ಕು ಸಲ ಎಳೆದರೆ ಕಲ್ಲಿನ ಸಾಣೆಯ ಗೋಜು ತುಂಬಾ ಕಮ್ಮಿಯಾಗುತ್ತದೆ.

ಹಾಂ, ನನ್ನ ಹಾಗೆ ಎಡಗೈಯವರಾದರೆ ಗಮನಿಸಿ. ಚರ್ಮ ತೆಳು ಮಾಡುವ ಕತ್ತಿಗಳಲ್ಲಿ ಹಲವಕ್ಕೆ ಒಂದೇ ಕಡೆ ಇಳಿಜಾರು ಇರುತ್ತದೆ. ಓರೆ ಬಾಯಿಯದ್ದಂತೂ ಬಲಗೈಯವರಿಗೆಂದೇ ಮಾಡಿದ್ದು ಜಾಸ್ತಿ. ಎಡಗೈಯದ್ದು ಕೇಳಿ ತಗೊಳ್ಳಬೇಕು.

ಎರಡುಸೂಜಿ:

ಸ್ಟ್ರಾಪ್ ವಿಷಯ ಒಪ್ಪಿದೆ. ಬೆವಲರ್ ಮೊಂಡಾದರೆ ಕೊಯ್ಯುವುದಿಲ್ಲ, ಅಂಚನ್ನು ಜಜ್ಜುತ್ತದೆ. ಅಂಚಿನ ವಿಷಯದಲ್ಲಿ ಮಾತ್ರ ನಮ್ಮಿಬ್ಬರ ಜಗಳ ಹಳೆಯದು. ರಿಪೇರಿಗೆ ಬರುವ ಬ್ಯಾಗುಗಳಲ್ಲಿ ಅಂಚು ಒರಟಾಯಿತು ಅಂತ ತಂದವರನ್ನು ನಾನು ನೋಡಿಲ್ಲ.

ಹೊಸಗೈ:

ಸರಿ, ಹಾಗಾದರೆ ನನ್ನ ಪಟ್ಟಿ ಹೀಗೆ: 4 ಮಿ.ಮೀ. ಉಳಿ ಎರಡು, ಕೊಡತಿ, ಪ್ಲಾಸ್ಟಿಕ್ ಬೋರ್ಡ್, 9 ಮಿ.ಮೀ. ಕಟರ್, ಕಟಿಂಗ್ ಮ್ಯಾಟ್, ಸ್ಟೀಲ್ ಸ್ಕೇಲ್, ಹಾರ್ನೆಸ್ ಸೂಜಿ, 0.6 ದಾರ, ಸ್ಯಾಂಡ್‌ಪೇಪರ್. ಡಿವೈಡರ್, ಕ್ಯಾನ್ವಾಸ್ ಬಟ್ಟೆ ಮನೆಯಲ್ಲೇ ಇವೆ. ಹೊಲಿಯುವಾಗ ಚರ್ಮ ಹಿಡಿದುಕೊಳ್ಳುವ ಮರದ ಇಕ್ಕಳ, ಸ್ಟಿಚಿಂಗ್ ಪೋನಿ, ಬೇಕಾ? ಅಂಟು ಯಾವುದು? ಚರ್ಮ ಎಷ್ಟು ದಪ್ಪದ್ದು?

ಎರಡುಸೂಜಿ:

ಪೋನಿ ಆಮೇಲೆ ನೋಡೋಣ. ಮೊದಲ ಪರ್ಸನ್ನು ಮಂಡಿಗಳ ನಡುವೆ ಎರಡು ಹಲಗೆ ತುಂಡಿನಲ್ಲಿ ಅದುಮಿ ಹಿಡಿದು ಹೊಲಿಯಬಹುದು. ಎರಡೂ ಕೈ ಬಿಡುವಾಗಿದ್ದರೆ ಸಾಕು.

ಅಂಟಿಗೆ ಕಾಂಟ್ಯಾಕ್ಟ್ ಸಿಮೆಂಟ್. ಎರಡೂ ಕಡೆ ತೆಳುವಾಗಿ ಹಚ್ಚಿ, ಮುಟ್ಟಿದರೆ ಬೆರಳಿಗೆ ಹತ್ತದಷ್ಟು ಒಣಗಲು ಬಿಟ್ಟು ಆಮೇಲೆ ಜೋಡಿಸಿ. ಒಂದು ಸಲ ತಾಗಿದರೆ ಮತ್ತೆ ಸರಿಸಲು ಬರುವುದಿಲ್ಲ. ವಾಸನೆ ಜೋರು, ಕಿಟಕಿ ತೆಗೆದಿಡಿ. ನೀರಿನ ಅಂಟೂ ನಡೆಯುತ್ತದೆ, ಸ್ವಲ್ಪ ಹೊತ್ತು ಕ್ಲಿಪ್ ಹಾಕಿಡಬೇಕು ಅಷ್ಟೆ. ಅಂಚಿನ ಮೂರು ನಾಲ್ಕು ಮಿ.ಮೀ. ಪಟ್ಟಿಗೆ ಮಾತ್ರ ಹಚ್ಚಿ. ಚರ್ಮದ ನುಣುಪು ಕಡೆಗೆ ಅಂಟು ಹಿಡಿಯುವುದಿಲ್ಲ, ಆ ಪಟ್ಟಿಯನ್ನು ಮೊದಲೇ ಸ್ಯಾಂಡ್‌ಪೇಪರಿನಲ್ಲಿ ತರಚಿಕೊಳ್ಳಿ.

ಚರ್ಮ 1ರಿಂದ 1.2 ಮಿ.ಮೀ. ಇರಲಿ. ಔನ್ಸಿನಲ್ಲಿ ಮಾರುವವರಿದ್ದರೆ ಒಂದು ಔನ್ಸ್ ಅಂದರೆ ಸುಮಾರು 0.4 ಮಿ.ಮೀ. ದಪ್ಪ, ಹಾಗಾಗಿ ಎರಡೂವರೆಯಿಂದ ಮೂರು ಔನ್ಸಿನದ್ದು ಕೇಳಿ. ಇಡೀ ಹಾಳೆ ಬೇಡ, ತುಂಡುಗಳ ಚೀಲ ಸಿಗುತ್ತದೆ. ಕಾರ್ಡಿನ ಅಳತೆ ಎಲ್ಲ ಕಡೆ ಒಂದೇ, 85.6 ಉದ್ದ, 54 ಅಗಲ. ಕಾರ್ಡನ್ನು ಅಡ್ಡ ಇಡುವುದಾದರೆ ಜೇಬಿನ ತುಂಡು 100 ಮಿ.ಮೀ. ಕತ್ತರಿಸಿ. ಎರಡೂ ಕಡೆ ಹೊಲಿಗೆಗೆ 3 ಹೋದರೆ ಒಳಗೆ 94 ಉಳಿಯುತ್ತದೆ. ಹೊಸದರಲ್ಲಿ ಸ್ವಲ್ಪ ಬಿಗಿ ಇರುತ್ತದೆ, ಆಮೇಲೆ ಸಡಿಲವಾಗುತ್ತದೆ. ಮೊದಲು ರಟ್ಟಿನಲ್ಲಿ ಕತ್ತರಿಸಿ ನಿಜವಾದ ಕಾರ್ಡ್ ಹಾಕಿ ನೋಡಿ.

ಉಳಿ ಬಂದ ಕೂಡಲೇ ತುಂಡು ಚರ್ಮದ ಮೇಲೆ ಒಂದು ಗೆರೆ ಎಳೆದು ಸಾಲಾಗಿ ಹಾಕಿ, ಹಿಂದೆ ತಿರುಗಿಸಿ ಫೋಟೊ ಹಾಕಿ. ಮುಂದಿನ ಕಡೆ ಎಲ್ಲರದ್ದೂ ಚೆನ್ನಾಗಿರುತ್ತದೆ. ಉಳಿಯನ್ನು ಓರೆ ಹಿಡಿದದ್ದು ಹಿಂದಿನ ಕಡೆಯೇ ಗೊತ್ತಾಗುವುದು.